ಆರು ಬಾಟಲಿ, ಮೂರು ಬೇಸಿಗೆ

ನಮ್ಮ ಕಡೆ ಎಷ್ಟೋ ಮನೆಗಳ ಶೋಕೇಸಿನಲ್ಲಿ ಒಂದು ಬಾಟಲಿ ನಿಂತಿರುತ್ತದೆ. ಪರದೇಶದಿಂದ ಬಂದ ಅಳಿಯನೋ, ಕಾಕಾನ ಮಗನೋ ತಂದುಕೊಟ್ಟದ್ದು. ಬೆಲ್ಜಿಯಂನ ಕಪ್ಪು ಬಿಯರ್ ಇರಬಹುದು, ಇಂಗ್ಲೆಂಡಿನ ಬಾರ್ಲಿವೈನ್ ಎಂಬ ಗಟ್ಟಿ ಬಿಯರ್ ಇರಬಹುದು. ಮಗ್ಗುಲಲ್ಲಿ ಮಕ್ಕಳು ಗೆದ್ದ ಕಪ್ಪುಗಳು, ಮೇಲೆ ಟ್ಯೂಬ್‌ಲೈಟ್, ಸಂಜೆಯಾದರೆ ಪಡುವಣ ಕಿಟಕಿಯಿಂದ ನೇರ ಬಿಸಿಲು. ಯಾಕೆ ತೆಗೆದಿಲ್ಲ ಎಂದು ಕೇಳಿದರೆ ಉತ್ತರ ಸಿದ್ಧವಿರುತ್ತದೆ: "ಇರ್ಲಿ ಬಿಡ್ರಿ, ಇಟ್ಟಷ್ಟೂ ಚಲೋ ಆಗತೈತಿ."

ಈ ಮಾತಿನಲ್ಲಿ ಅರ್ಧ ನಿಜವಿದೆ, ಅದಕ್ಕೇ ಅದು ಕಾಡುತ್ತದೆ. ವಿಸ್ಕಿ, ರಮ್ಮುಗಳು ಹಣ್ಣಾಗುವುದು ಮರದ ಪೀಪಾಯಿಯಲ್ಲಿ. ಬಾಟಲಿಗೆ ಇಳಿದ ಮೇಲೆ ಅವು ಹೆಚ್ಚುಕಡಿಮೆ ಇದ್ದ ಹಾಗೇ ಇರುತ್ತವೆ. ಬಿಯರ್ ಹಾಗಲ್ಲ. ಬಾಟಲಿಗೆ ಇಳಿದ ದಿನದಿಂದಲೇ ಅದು ಬದಲಾಗತೊಡಗುತ್ತದೆ, ಬಹುತೇಕ ಬಿಯರ್‌ಗಳು ಕೆಡುವ ಕಡೆಗೇ ಹೊರಳುತ್ತವೆ. ಕೆಲವೇ ಗಟ್ಟಿ ಬಿಯರ್‌ಗಳು ಮಾತ್ರ ವರ್ಷಗಟ್ಟಲೆ ಇಟ್ಟರೆ ಬೇರೊಂದು ರುಚಿಗೆ ಏರುತ್ತವೆ. ಅದಕ್ಕೂ ಕತ್ತಲು ಬೇಕು, ತಂಪು ಬೇಕು, ಏರಿಳಿಯದ ಉಷ್ಣತೆ ಬೇಕು. ಈ ವಿದ್ಯೆಯನ್ನು ಬೆಳೆಸಿದವರು ಬೆಲ್ಜಿಯಂ, ಇಂಗ್ಲೆಂಡಿನವರು. ಅಲ್ಲಿ ನೆಲಮಾಳಿಗೆಗೆ ಇಳಿದರೆ ಸಾಕು, ಹನ್ನೆರಡು ಡಿಗ್ರಿಯ ಆಸುಪಾಸು ತಾನಾಗಿ ಸಿಗುತ್ತದೆ. ವಿಜಯಪುರದಲ್ಲಿ, ಬಾಗಲಕೋಟೆಯಲ್ಲಿ ನೆಲದೊಳಗೆ ಇಳಿದರೆ ಏನು ಸಿಗುತ್ತದೆ ಎಂಬುದನ್ನು ನಾವೇ ಲೆಕ್ಕ ಹಾಕಿಕೊಳ್ಳಬೇಕು. ಬಾಟಲಿ ಎಷ್ಟು ವರ್ಷದ್ದು ಎಂದು ಕೇಳುವ ಮೊದಲು ಅದು ಎಷ್ಟು ಬೇಸಿಗೆಯನ್ನು ಎಲ್ಲಿ ಕಳೆದಿದೆ ಎಂದು ಕೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಯಾವುದನ್ನು ಇಡಬೇಕು

ಅಂಗಡಿಯ 'ಸ್ಟ್ರಾಂಗ್' ಬಿಯರನ್ನು ಮೊದಲು ಲೆಕ್ಕದಿಂದ ತೆಗೆದುಬಿಡೋಣ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರಲ್ಲಿ ಗೊತ್ತುಮಾಡಿದ ಮಾನದಂಡದ ಪ್ರಕಾರ ಶೇಕಡಾ 5ಕ್ಕಿಂತ ಹೆಚ್ಚು, 8ರವರೆಗೆ ಆಲ್ಕೊಹಾಲ್ ಇದ್ದರೆ ಅದು ಸ್ಟ್ರಾಂಗ್. ನಮ್ಮಲ್ಲಿ ಸಿಗುವ ಸ್ಟ್ರಾಂಗ್ ಬಿಯರ್‌ಗಳಲ್ಲಿ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಒಂದು ಪಾಲಿನ ಜಾಗದಲ್ಲಿ ಅಕ್ಕಿ, ಮೆಕ್ಕೆಜೋಳ ಅಥವಾ ಸಕ್ಕರೆ ಇರುತ್ತದೆ. ಅದೆಲ್ಲ ಹುದುಗಿ ಆಲ್ಕೊಹಾಲಾಗುತ್ತದೆ, ಬಾಯಿ ತುಂಬುವ ದಪ್ಪ ಉಳಿಯುವುದಿಲ್ಲ. ಆಮೇಲೆ ಸೋಸಿ, ಪಾಶ್ಚರೈಸ್ ಮಾಡಿ ತುಂಬುತ್ತಾರೆ, ಹಾಗಾಗಿ ಹುದುಗಿಸುವ ಸೂಕ್ಷ್ಮಜೀವಿಯಾದ ಯೀಸ್ಟ್ ಒಳಗೆ ಜೀವಂತ ಇರುವುದಿಲ್ಲ. ಕಾಲ ಕಳೆದಂತೆ ಮಾರ್ಪಡುವಂಥ ಸರಕೇ ಅದರಲ್ಲಿಲ್ಲ. ಅದನ್ನು ಹೊಸದಾಗಿ, ತಣ್ಣಗೆ ಕುಡಿದು ಮುಗಿಸುವುದೇ ಸರಿ.

ಇಡಲು ತಕ್ಕ ಬಿಯರಿನಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಆಲ್ಕೊಹಾಲು ಮತ್ತು ಮಾಲ್ಟು. ಶೇಕಡಾ 8–9ಕ್ಕಿಂತ ಮೇಲಿರಲಿ. ಬಣ್ಣ ಕಂದು, ಕೆಂಪು ಅಥವಾ ಕಪ್ಪಿರಲಿ. ಬಾಟಲಿಯಲ್ಲೇ ಎರಡನೇ ಸಲ ಹುದುಗಿದ್ದಿರಲಿ, ಅಂದರೆ ತಳದಲ್ಲಿ ಯೀಸ್ಟಿನ ತೆಳು ಪದರ ಕಾಣಬೇಕು. ಬಾಟಲಿ ತುಂಬುವಾಗ ಸೇರಿಕೊಂಡ ಆಮ್ಲಜನಕದಲ್ಲಿ ಒಂದಿಷ್ಟನ್ನು ಆ ಯೀಸ್ಟ್ ಹೀರಿಕೊಳ್ಳುತ್ತದೆ. ಬಿಯರಿಗೆ ಕಹಿ, ಘಮ ಕೊಡುವ ಹಾಪ್ಸ್ ಹೂವಿನ ಹಸಿ ಸುವಾಸನೆಯೇ ಜೀವಾಳವಾಗಿರುವ ಬಿಯರ್ ಬೇಡ. ಹಾಪ್ಸ್ ಹೇರಳವಾಗಿ ಹಾಕಿದ ಡಬಲ್ ಐಪಿಎ ಎಷ್ಟೇ ಗಟ್ಟಿಯಿದ್ದರೂ ಇಡುವ ಬಿಯರಲ್ಲ, ಆ ಸುವಾಸನೆ ಕೆಲವೇ ತಿಂಗಳಲ್ಲಿ ಹಾರಿಹೋಗಿ ಬರೀ ಮಬ್ಬು ಸಿಹಿ ಉಳಿಯುತ್ತದೆ. ಕಾಫಿ ಹಾಕಿದ ಸ್ಟೌಟ್ (ಹುರಿದ ಮಾಲ್ಟಿನ ಕಪ್ಪು ಬಿಯರ್) ಕೂಡ ಬೇಡ. ಹಳೆಯದಾದ ಹಾಗೆ ಕಾಫಿಯ ವಾಸನೆ ಸರಿದು ಹಸಿ ಡೊಣ್ಣ ಮೆಣಸಿನಕಾಯಿಯ ವಾಸನೆ ಮುಂದೆ ಬರುತ್ತದೆ. ಹಣ್ಣು ಹಾಕಿದ್ದು, ಗೋಧಿಯದ್ದು ಎಲ್ಲ ಹೊಸದಿದ್ದಾಗಲೇ ಚೆನ್ನ.

ಇಡಲು ಉಳಿದವು ಗಟ್ಟಿ ಬಿಯರಿನ ಈ ಬಗೆಗಳು: ಇಂಗ್ಲಿಷ್ ಬಾರ್ಲಿವೈನ್, ಓಲ್ಡ್ ಏಲ್, ಗಟ್ಟಿ ಸ್ಟೌಟ್ ಆದ ಇಂಪೀರಿಯಲ್ ಸ್ಟೌಟ್, ಬೆಲ್ಜಿಯಂನ ಕಡುಕಂದು ಕ್ವಾಡ್ರುಪೆಲ್. ಲಂಡನ್ನಿನಿಂದ ಫುಲ್ಲರ್ಸ್ ಹೆಸರಿನಲ್ಲಿ 1997ರಿಂದ ವರ್ಷಕ್ಕೊಮ್ಮೆ ಬರುವ ವಿಂಟೇಜ್ ಏಲ್ (ಶೇ. 8.5) ಇಡುವುದಕ್ಕೆಂದೇ ಮಾಡಿದ್ದು. ಇಂಗ್ಲೆಂಡಿನದೇ ಜೆ. ಡಬ್ಲ್ಯೂ. ಲೀಸ್‌ನವರ ಹಾರ್ವೆಸ್ಟ್ ಏಲ್ 1986ರಿಂದ ಬರುತ್ತಿದೆ, ಅದು ಶೇ. 11.5. ಅಮೆರಿಕದ ಸಿಯೆರಾ ನೆವಾಡಾದ ಬಿಗ್‌ಫುಟ್ 1983ರದ್ದು. ಹೊಸದಿದ್ದಾಗ ನಾಲಿಗೆ ಹಿಂಡುವಷ್ಟು ಕಹಿ, ಎರಡು ಮೂರು ವರ್ಷಕ್ಕೆ ಆ ಕಹಿ ಹದಕ್ಕೆ ಬರುತ್ತದೆ. ಬೆಲ್ಜಿಯಂನ ಮಠಗಳ ಬಿಯರುಗಳಲ್ಲಿ ಶಿಮೇ ಬ್ಲೂ (ಶೇ. 9), ರೋಶ್‌ಫೋರ್ 10 (ಶೇ. 11.3) ಇದಕ್ಕೆ ಹೇಳಿ ಮಾಡಿಸಿದವು. ಓರ್ವಾಲ್ ಒಂದು ಮಾತ್ರ ಈ ನಿಯಮಗಳಿಗೆ ಹೊರಗು. ಅದು ಶೇ. 6.2 ಅಷ್ಟೇ, ಬಣ್ಣವೂ ಕಪ್ಪಲ್ಲ. ಆದರೆ ಅದರೊಳಗೆ ಬ್ರೆಟನೊಮೈಸಿಸ್ ಎಂಬ ಯೀಸ್ಟ್ ಇದೆ. ಸಾಮಾನ್ಯ ಯೀಸ್ಟ್ ಬಿಟ್ಟುಹೋದ ಸಕ್ಕರೆಯನ್ನೂ ಅದು ತಿಂಗಳುಗಟ್ಟಲೆ ತಿನ್ನುತ್ತ ಹೋಗುತ್ತದೆ. ಹೊಸ ಓರ್ವಾಲ್ ಹಾಪ್ಸಿನ ಘಮದ್ದು, ಒಂದು ವರ್ಷದ್ದು ಒಣ ಹುಲ್ಲಿನ, ಚರ್ಮದ ವಾಸನೆಯದ್ದು, ಗ್ಯಾಸೂ ಹೆಚ್ಚು. ಬಾಟಲಿಗೆ ತುಂಬಿದ ದಿನಾಂಕ ಅದರ ಲೇಬಲ್ಲಿನ ಮೇಲೇ ಇರುತ್ತದೆ, ಇಡುವವರಿಗೆ ಅದೊಂದು ದೊಡ್ಡ ಅನುಕೂಲ.

ಇಂಥವು ಬೆಳಗಾವಿಗೆ ಬರುವುದು ಹೆಚ್ಚಾಗಿ ವಿಮಾನ ಹತ್ತಿ ಬಂದವರ ಬ್ಯಾಗಿನಲ್ಲಿ. ಪರದೇಶದಿಂದ ಬರುವ ಒಬ್ಬರಿಗೆ ಸುಂಕವಿಲ್ಲದೆ ಎರಡು ಲೀಟರ್ ಮದ್ಯ ತರಲು ಅವಕಾಶವಿದೆ. 330 ಮಿ.ಲೀ. ಬಾಟಲಿಯ ಲೆಕ್ಕದಲ್ಲಿ ಅದು ಸರಿಯಾಗಿ ಆರು ಬಾಟಲಿ, 1,980 ಮಿ.ಲೀ. ಬಿಲ್ಲನ್ನು ಬಾಟಲಿಯ ಜೊತೆಗೇ ಇಡಬೇಕು. ಗೋವಾ ಹತ್ತಿರವಿದೆ ಎಂದು ಪರವಾನಗಿಯಿಲ್ಲದೆ ಅಲ್ಲಿಂದ ಡಿಕ್ಕಿಯಲ್ಲಿ ತುಂಬಿಕೊಂಡು ಬರುವುದು ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಮನೆಯಲ್ಲಿ ಕೂಡಿಡುವ ಪ್ರಮಾಣಕ್ಕೂ ಮಿತಿಯಿದೆ. ಈ ಹವ್ಯಾಸಕ್ಕೆ ಆರು ಬಾಟಲಿ ಧಾರಾಳ ಸಾಕು, ಮುಂದಿನ ಮಾತೆಲ್ಲ ಆ ಆರರ ಮೇಲೆಯೇ.

ಮುಚ್ಚಳದ ಕೆಳಗೆ

ಮೊದಲು ಕರಗುವುದು ಕಹಿ. ಹಾಪ್ಸಿನಿಂದ ಬಂದ ಐಸೊ-ಆಲ್ಫಾ ಆಮ್ಲಗಳಲ್ಲಿ ಎರಡು ಬಗೆ, ಸಿಸ್ ಮತ್ತು ಟ್ರಾನ್ಸ್. ಟ್ರಾನ್ಸ್ ಬಗೆಯದ್ದು ಬೇಗ ಒಡೆಯುತ್ತದೆ, ಸಿಸ್ ತಡೆದು ನಿಲ್ಲುತ್ತದೆ. ಅದಕ್ಕೇ ಕಹಿ ಒಮ್ಮೆಗೇ ಮಾಯವಾಗದೆ ಮೊದಲು ಮೊಂಡಾಗಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಯೀಸ್ಟ್ ಕೊಟ್ಟ ಹಣ್ಣಿನ ವಾಸನೆಗಳಲ್ಲೂ ಹೀಗೇ ಅದಲುಬದಲು ನಡೆಯುತ್ತದೆ. ಬಾಳೆಹಣ್ಣಿನ ವಾಸನೆ ಕೊಡುವ ಐಸೊಅಮೈಲ್ ಅಸಿಟೇಟ್ ನೀರಿನೊಡನೆ ಕೂಡಿ ಒಡೆದು ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ಆಲ್ಕೊಹಾಲೂ ಆಮ್ಲಗಳೂ ಸೇರಿ ಎಸ್ಟರುಗಳೆಂಬ, ವೈನಿನ ವಾಸನೆಯ ಹೊಸ ವಸ್ತುಗಳು ಹುಟ್ಟುತ್ತವೆ. ಹೊಸ ಬಿಯರಿನಲ್ಲಿ ಗಂಟಲು ಸುಡುವ ಆಲ್ಕೊಹಾಲಿನ ಖಾರ ಒಂದು ವರ್ಷದ ಮೇಲೆ ಮೆತ್ತಗಾದಂತೆ ತೋರುತ್ತದೆ. ಆಲ್ಕೊಹಾಲಿನ ಪ್ರಮಾಣ ಇಳಿದಿರುವುದಿಲ್ಲ, ಸುತ್ತಲಿನ ರುಚಿಗಳು ಬೆಳೆದು ಅದನ್ನು ಮುಚ್ಚಿರುತ್ತವೆ.

ಇದರ ಜೊತೆಗೆ ಆಮ್ಲಜನಕದ ಕೆಲಸ. ಬಾಟಲಿ ತುಂಬುವಾಗ ಒಳಗೆ ಉಳಿದದ್ದು ಸ್ವಲ್ಪ, ತಗಡಿನ ಕ್ರೌನ್ ಮುಚ್ಚಳದ ಒಳಪದರದ ಮೂಲಕ ವರ್ಷವಿಡೀ ನುಸುಳುವುದು ಇನ್ನಷ್ಟು. ತಿಳಿ ಬಣ್ಣದ ತೆಳು ಬಿಯರಿನಲ್ಲಿ ಹಳಸಿದ ವಾಸನೆಗೆ ಹೆಸರಾದದ್ದು ಟ್ರಾನ್ಸ್-2-ನಾನೆನಾಲ್, ಒದ್ದೆ ರಟ್ಟಿನ ವಾಸನೆ. ಲೀಟರಿಗೆ ಒಂದು ಮೈಕ್ರೊಗ್ರಾಮಿನ ಹತ್ತನೇ ಒಂದರಷ್ಟಿದ್ದರೂ ಮೂಗು ಹಿಡಿದುಬಿಡುತ್ತದೆ. ಗಟ್ಟಿ ಕಪ್ಪು ಬಿಯರಿನಲ್ಲಿ ಹುರಿದ ಮಾಲ್ಟಿನ ಮೆಲನಾಯ್ಡಿನ್ ಎಂಬ ಕಂದು ವಸ್ತುಗಳು ಆ ಏಟನ್ನು ತಾವು ತೆಗೆದುಕೊಳ್ಳುತ್ತವೆ, ಅಲ್ಲಿ ಆಕ್ಸಿಡೀಕರಣ ಕೊಡುವ ರುಚಿ ಒಣದ್ರಾಕ್ಷಿ, ಉತ್ತತ್ತಿ, ಜೇನು, ಶೆರಿ ವೈನ್. ವಿಜಯಪುರ ಜಿಲ್ಲೆಯಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡಿನೊಳಗೆ ಒಮ್ಮೆ ನಿಂತು ಬಂದವರಿಗೆ ಹಳೆಯ ಕ್ವಾಡ್ರುಪೆಲ್ಲಿನ ಮೊದಲ ವಾಸನೆ ಹೊಸದೆನಿಸುವುದಿಲ್ಲ.

ಇನ್ನೊಂದು ವಸ್ತುವಿನ ಬಗ್ಗೆ ನನಗೆ ವಿಶೇಷ ಪ್ರೀತಿ. ಸೊಟೊಲಾನ್. ಮೆಂತ್ಯೆ ಕಾಳಿನ ವಾಸನೆಯ ಮೂಲ ಅದೇ. ಕಬ್ಬಿನ ಕಚ್ಚಾ ಸಕ್ಕರೆಯಲ್ಲೂ ಇದೆ, ಮದೀರಾದಂಥ ಹಳೆಯ ವೈನಿನಲ್ಲೂ ಇದೆ, ಹಳೆಯ ಗಟ್ಟಿ ಬಿಯರಿನಲ್ಲೂ ನಿಧಾನವಾಗಿ ಕೂಡಿಕೊಳ್ಳುತ್ತದೆ. ತುಸುವೇ ಇದ್ದಾಗ ಬೆಲ್ಲದ ಪಾಕ, ಹೆಚ್ಚಾದರೆ ಮೆಂತ್ಯೆ, ಇನ್ನೂ ಹೆಚ್ಚಾದರೆ ಸಾರಿನ ಪುಡಿಯ ಡಬ್ಬಿ ತೆರೆದ ಹಾಗೆ. ಮಹಾಲಿಂಗಪುರದ ಬೆಲ್ಲದ ಪೇಟೆಯ ಆಸುಪಾಸಿನಲ್ಲಿ ಬೆಳೆದ ಮೂಗು ಈ ಮೂರು ಹಂತಗಳನ್ನು ಯಾವ ತರಬೇತಿಯೂ ಇಲ್ಲದೆ ಬೇರೆ ಮಾಡಬಲ್ಲದು. ಪರದೇಶದವರ ರುಚಿಯ ಪಟ್ಟಿಯನ್ನು ಬಾಯಿಪಾಠ ಮಾಡುವ ಅಗತ್ಯ ನಮಗಿಲ್ಲ. ಅಡಿಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ಮೂಸಿ ಬಂದು ಗ್ಲಾಸಿನ ಮುಂದೆ ಕೂತರೆ ಆಯಿತು.

ಕೊನೆಯದು ಯೀಸ್ಟಿನ ಸಾವು. ತಳದಲ್ಲಿ ಕೂತ ಯೀಸ್ಟಿನ ಕೋಶಗಳು ಸತ್ತು ಒಡೆದಾಗ ಒಳಗಿನ ಅಮೈನೊ ಆಮ್ಲಗಳು ಹೊರಬರುತ್ತವೆ. ಮಿತಿಯಲ್ಲಿದ್ದರೆ ಬಾಯಿ ತುಂಬಿದ ಅನುಭವ, ಮಿತಿ ಮೀರಿದರೆ ಸೋಯಾ ಸಾಸು. ಇಂಪೀರಿಯಲ್ ಸ್ಟೌಟಿನಲ್ಲಿ ಇದು ಬೇಗ ಎದ್ದು ಕಾಣುತ್ತದೆ. ಒಡೆದ ಕೋಶದಿಂದ ಬರುವ ಕಿಣ್ವಗಳು ನೊರೆ ಕಟ್ಟುವ ಪ್ರೋಟೀನನ್ನೂ ಕತ್ತರಿಸುತ್ತವೆ, ಅದಕ್ಕೇ ಸೋಯಾ ವಾಸನೆಯೂ ನಿಲ್ಲದ ನೊರೆಯೂ ಹೆಚ್ಚಾಗಿ ಒಟ್ಟಿಗೇ ಬರುತ್ತವೆ. ಬಿಸಿಯಲ್ಲಿ ಇದೆಲ್ಲ ವೇಗವಾಗುತ್ತದೆ.

ಬೆಳಕಿನದು ಬೇರೆಯೇ ಕೇಡು, ಚಿಕ್ಕ ಮಾತಿನಲ್ಲಿ ಮುಗಿಯುವಂಥದು. ನೀಲಿ ಬೆಳಕು ಬಿದ್ದರೆ ಹಾಪ್ಸಿನ ಕಹಿ ಆಮ್ಲ ಒಡೆದು ಗಂಧಕದ ಒಂದು ವಸ್ತು ಹುಟ್ಟುತ್ತದೆ, ನಾತ ಬರುತ್ತದೆ. ಹಸಿರು ಗಾಜಿನಲ್ಲಾದರೆ ಬಿಸಿಲಿಗೆ ನಿಮಿಷಗಳು ಸಾಕು, ಕಂದು ಗಾಜು ಬಹಳಷ್ಟು ತಡೆಯುತ್ತದೆ. ಶೋಕೇಸಿನ ಬಾಟಲಿಗೆ ಬಿಸಿಯ ಜೊತೆಗೆ ಇದೂ ಸೇರಿರುತ್ತದೆ.

ಹಗೇವಿಗೆ ಇಳಿಸಿದ ಥರ್ಮಾಮೀಟರು

ನೆಲಮಾಳಿಗೆ ಎಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಹಗೇವು. ಊರಿಗೆ ಊರೇ ಜೋಳ ತುಂಬಿಡುತ್ತಿದ್ದ ಆ ಕುಣಿಗಳು ಈಗ ಹೆಚ್ಚಿನವು ಖಾಲಿ ಬಿದ್ದಿವೆ. "ಅದರಾಗ ಇಟ್ರ ಆತಲ್ಲ, ಒಳಗ ಥಂಡ ಇರತೈತಿ" ಎಂದು ಬಿಯರಿನ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಹೇಳುತ್ತಾರೆ. ಇದನ್ನು ಒಮ್ಮೆ ಅಳೆದು ನೋಡುವುದೇ ಒಳ್ಳೆಯದು.

ವಿಜಯಪುರದ ಹತ್ತಿರದ ಹಳ್ಳಿಯೊಂದರ ವಾಡೆಯ ಅಂಗಳ. ಏಪ್ರಿಲ್ ನಡುಮಧ್ಯಾಹ್ನ, ಹೊರಗೆ ನಲವತ್ತು ದಾಟಿದ ಬಿಸಿಲು. ಬಾಯಿಗೆ ಮುಚ್ಚಿದ ಕಲ್ಲುಚಪ್ಪಡಿ ಸರಿಸಿದ ಕೂಡಲೇ ಇಳಿಯಲು ಹೊರಟ ಹುಡುಗನನ್ನು ಮನೆಯ ಹಿರಿಯರು ತೋಳು ಹಿಡಿದು ನಿಲ್ಲಿಸಿದರು. "ಇಳೀಬ್ಯಾಡೋ ತಮ್ಮಾ, ಮೊದ್ಲ ಗಾಳಿ ಆಡ್ಲಿ. ಜ್ವಾಳದ ಉಸುರು ಇರತೈತಿ ಒಳಗ." ಕಂದೀಲಿಗೆ ಹಗ್ಗ ಕಟ್ಟಿ ಇಳಿಬಿಟ್ಟರು. ಅರ್ಧಕ್ಕೆ ಹೋಗುವಷ್ಟರಲ್ಲಿ ದೀಪ ನಂದಿತು. ತಳದಲ್ಲಿ ಉಳಿದ ಕಾಳು ಉಸಿರಾಡಿ ಆಮ್ಲಜನಕ ಮುಗಿಸಿರುತ್ತದೆ, ಇಂಗಾಲದ ಡೈಆಕ್ಸೈಡು ಭಾರವಾದ್ದರಿಂದ ಕೆಳಗೇ ಕೂತಿರುತ್ತದೆ. ಹೀಗೆ ಇಳಿದು ಜೀವ ಕಳಕೊಂಡವರಿದ್ದಾರೆ, ಅದಕ್ಕೇ ಹಿರಿಯರ ಆ ಎಚ್ಚರ. ತಾಸಿನ ಮೇಲೆ ಮತ್ತೆ ಇಳಿಬಿಟ್ಟಾಗ ದೀಪ ಉರಿಯಿತು. ಆಮೇಲೆ ನೀರು ತುಂಬಿದ ಬಾಟಲಿಯೊಳಗೆ ಥರ್ಮಾಮೀಟರ್ ಇಟ್ಟು ಇಳಿಸಿ, ಬಹಳ ಹೊತ್ತು ಬಿಟ್ಟು ಮೇಲೆತ್ತಿದರೆ ಪಾದರಸ 27ರ ಗೆರೆಯ ಹತ್ತಿರ. ಬಾಯಿಯ ಸುತ್ತ ನಿಂತವರೆಲ್ಲ "ಎಷ್ಟ ಥಂಡ ಐತಿ" ಎಂದರು. ನಲವತ್ತರಲ್ಲಿ ಬೆವೆತ ಮೈಗೆ ಅದು ಥಂಡಿಯೇ.

ಈ 27 ಎಲ್ಲಿಂದ ಬಂತು? ನೆಲದಲ್ಲಿ ಮೂರ್ನಾಲ್ಕು ಮೀಟರ್ ಕೆಳಗೆ ಹೋದರೆ ಹಗಲು-ರಾತ್ರಿಯ ಏರಿಳಿತ ಪೂರ್ತಿ ಅಳಿಸಿಹೋಗುತ್ತದೆ, ಬೇಸಿಗೆ-ಚಳಿಗಾಲದ್ದೂ ಬಹುಪಾಲು ಅಳಿಸುತ್ತದೆ. ಉಳಿಯುವುದು ಆ ಊರಿನ ಇಡೀ ವರ್ಷದ ಸರಾಸರಿ ಉಷ್ಣತೆ. ಬೆಲ್ಜಿಯಂನಲ್ಲಿ ಆ ಸರಾಸರಿ ಹತ್ತು-ಹನ್ನೊಂದು, ಅದಕ್ಕೇ ಅವರ ನೆಲಮಾಳಿಗೆ ತಂಪು. ನಮ್ಮ ಸರಾಸರಿ 26–27. ಎಷ್ಟು ಆಳ ಅಗೆದರೂ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಹಗೇವು ಸ್ಥಿರತೆ ಕೊಡುತ್ತದೆ, ತಂಪು ಕೊಡುವುದಿಲ್ಲ.

ಇದರ ಪರಿಣಾಮ ಬರೀ ಅಂಕಿಯ ಮಾತಲ್ಲ. ಬಿಯರ್ ಹಳಸುವ ರಾಸಾಯನಿಕ ಕ್ರಿಯೆಗಳು ಹತ್ತು ಡಿಗ್ರಿ ಏರಿದರೆ ಎರಡರಿಂದ ಮೂರು ಪಟ್ಟು ವೇಗವಾಗುತ್ತವೆ ಎಂಬುದು ಬಳಕೆಯಲ್ಲಿರುವ ಲೆಕ್ಕ. ಹಾಗಾದರೆ 12 ಡಿಗ್ರಿಯ ಬದಲು 27ರಲ್ಲಿ ಇಟ್ಟರೆ ವೇಗ ಸುಮಾರು ಮೂರರಿಂದ ಐದು ಪಟ್ಟು. ಹಗೇವಿನ ಒಂದು ವರ್ಷ ಬೆಲ್ಜಿಯಂನ ಮೂರರಿಂದ ಐದು ವರ್ಷ. ಮೇ ತಿಂಗಳಲ್ಲಿ ತಗಡಿನ ಕೆಳಗಿನ ಕಪಾಟು 40 ಮುಟ್ಟಿದರೆ ವೇಗ ಏಳರಿಂದ ಇಪ್ಪತ್ತು ಪಟ್ಟು; ಆ ಒಂದು ತಿಂಗಳೇ ಒಂದು ವರ್ಷವನ್ನು ತಿಂದುಹಾಕಬಹುದು. ಹಾಗಾದರೆ ಬೇಗ ಹಣ್ಣಾಗಲಿ, ಒಳ್ಳೆಯದೇ ಆಯಿತಲ್ಲ ಎನ್ನುವವರಿದ್ದಾರೆ. ಎಲ್ಲ ಕ್ರಿಯೆಗಳೂ ಒಂದೇ ಪ್ರಮಾಣದಲ್ಲಿ ವೇಗವಾಗುವುದಿಲ್ಲ ಎಂಬುದೇ ತೊಡಕು. ಬೇಯಿಸಿದ ಸಕ್ಕರೆಯ ವಾಸನೆ, ಯೀಸ್ಟಿನ ಸೋಯಾ, ಒದ್ದೆ ರಟ್ಟು ಮುಂದೋಡುತ್ತವೆ. ರುಚಿಗಳು ಒಂದಕ್ಕೊಂದು ಹೊಂದಿಕೊಳ್ಳುವ ನಿಧಾನದ ಕೆಲಸ ಹಿಂದುಳಿಯುತ್ತದೆ. ತಗಡಿನ ಶೆಡ್ಡಿನಲ್ಲಿ ಕಾವು ಕೊಟ್ಟು ಹಣ್ಣು ಮಾಡಿದ ಮಾವು ಮರದ ಹಣ್ಣಿಗೆ ಸಮನಾದೀತೇ? ಮೇಲಾಗಿ ಬಾಟಲಿಯೊಳಗಿನ ಗ್ಯಾಸಿನ ಒತ್ತಡ 20 ಡಿಗ್ರಿಯಲ್ಲಿ ಇದ್ದದ್ದಕ್ಕಿಂತ 40ರಲ್ಲಿ ಒಂದೂವರೆ ಪಟ್ಟಿಗೂ ಹೆಚ್ಚು. ಗ್ಯಾಸು ಹೆಚ್ಚಿರುವ ಬೆಲ್ಜಿಯಂ ಬಾಟಲಿ, ಅದರಲ್ಲೂ ಓರ್ವಾಲಿನಂಥದ್ದು, ಬೇಸಿಗೆಯ ಕಪಾಟಿನಲ್ಲಿ ಅಪಾಯದ ವಸ್ತು.

ಬೆಳಗಾವಿಗೆ ಸ್ವಲ್ಪ ಅನುಕೂಲವಿದೆ. ಊರು ಎತ್ತರದಲ್ಲಿದೆ, ಸರಾಸರಿ ಎರಡು ಮೂರು ಡಿಗ್ರಿ ಕಡಿಮೆ, ಹಳೆಯ ಕಲ್ಲುಮನೆಗಳ ನೆಲಮನೆ ಮಳೆಗಾಲದಲ್ಲಿ ಇನ್ನೂ ಇಳಿಯುತ್ತದೆ. ಆದರೆ ಜೂನ್‌ನಿಂದ ಸೆಪ್ಟೆಂಬರಿನ ತನಕ ಅಲ್ಲಿ ಗಾಳಿಯೇ ಒದ್ದೆ. ಮುಚ್ಚಳಕ್ಕೆ ತುಕ್ಕು ಹಿಡಿಯುತ್ತದೆ, ಲೇಬಲ್ಲಿಗೆ ಬೂಸ್ಟು ಬರುತ್ತದೆ, ಕಾರ್ಕ್ ಇದ್ದರೆ ನೆಲಮನೆಯ ಮುಗ್ಗಲು ವಾಸನೆ ಅದರೊಳಗೆ ಇಳಿಯುವ ಭಯ.

ಬಾಗಲಕೋಟೆಯ ಒಣ ಬಿಸಿಲಿಗೆ ಎರಡು ಗಡಿಗೆಯ ಉಪಾಯ ಕೆಲಸ ಮಾಡುತ್ತದೆ. ದೊಡ್ಡ ಮಣ್ಣಿನ ಗಡಿಗೆಯೊಳಗೆ ಸಣ್ಣದನ್ನಿಟ್ಟು, ನಡುವೆ ಎರಡು ಬೆರಳಿನಷ್ಟು ಮರಳು ತುಂಬಿ, ದಿನಕ್ಕೆರಡು ಸಲ ನೀರು ಹಾಕುವುದು. ಹೊರಗೆ 40 ಡಿಗ್ರಿ, ಗಾಳಿಯ ತೇವಾಂಶ ಶೇ. 20 ಇದ್ದಾಗ ಆವಿಯಾಗುವಿಕೆ ಹೆಚ್ಚೆಂದರೆ 22ರವರೆಗೆ ಇಳಿಸಬಲ್ಲದು, ಗಡಿಗೆಯಲ್ಲಿ 25ರ ಆಸುಪಾಸು ಸಿಗುತ್ತದೆ. ಅಂದರೆ ಹಗೇವಿಗಿಂತ ಒಂದೆರಡು ಡಿಗ್ರಿ ಕಡಿಮೆ. ಆದರೆ ಇದು ಬೇಸಿಗೆಗೆ ಮಾತ್ರ, ಮಳೆ ಹಿಡಿದ ಮೇಲೆ ನೀರು ಆವಿಯಾಗುವುದಿಲ್ಲ. ಬಾಟಲಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡದಿದ್ದರೆ ಮುಚ್ಚಳಗಳು ತುಕ್ಕಾಗುತ್ತವೆ.

ಹಾಗಾಗಿ ಉಳಿಯುವ ದಾರಿ ಹಳೆಯ ಒಂದು ಬಾಗಿಲಿನ ಫ್ರಿಜ್ಜು. ಅದಕ್ಕೆ ಹೊರಗಿನಿಂದ ಒಂದು ಥರ್ಮೋಸ್ಟ್ಯಾಟ್ ಕಂಟ್ರೋಲರ್ ಜೋಡಿಸಬೇಕು. ಎಸ್‌ಟಿಸಿ-1000 ಎಂಬ ಹೆಸರಿನಲ್ಲಿ ಸಿಗುವಂಥದ್ದು ಸಾಕು, 230 ವೋಲ್ಟಿನದನ್ನೇ ಕೇಳಿ ತರಬೇಕು, ವೈರಿಂಗನ್ನು ಎಲೆಕ್ಟ್ರಿಶಿಯನ್ನಿಂದ ಮಾಡಿಸಬೇಕು. ಫ್ರಿಜ್ಜಿನ ಸ್ವಂತ ಗುಂಡಿಯನ್ನು ಅತಿ ತಂಪಿಗೆ ತಿರುಗಿಸಿಟ್ಟರೆ ಕರೆಂಟ್ ಕೊಡುವ, ಕಡಿಯುವ ಕೆಲಸವೆಲ್ಲ ಕಂಟ್ರೋಲರಿನದಾಗುತ್ತದೆ. ಗುರಿ 13 ಡಿಗ್ರಿ, ಅಂತರ 1 ಡಿಗ್ರಿ, ಕಂಪ್ರೆಸರ್ ಮತ್ತೆ ಶುರುವಾಗುವ ಮೊದಲಿನ ತಡ 5 ನಿಮಿಷ. ಸೆನ್ಸರಿನ ತುದಿಯನ್ನು ಗಾಳಿಯಲ್ಲಿ ತೂಗಬಿಡಬಾರದು. ಬಾಗಿಲು ತೆಗೆದಾಗಲೆಲ್ಲ ಗಾಳಿ ಬಿಸಿಯಾಗಿ ಕಂಪ್ರೆಸರ್ ಸುಮ್ಮನೆ ಓಡುತ್ತದೆ. ನೀರು ತುಂಬಿದ ಬಾಟಲಿಯ ಮೈಗೆ ತುದಿಯನ್ನು ಟೇಪಿನಿಂದ ಬಿಗಿದು, ಮೇಲೆ ಥರ್ಮಾಕೋಲಿನ ತುಂಡು ಕಟ್ಟಬೇಕು. ಖಾಲಿ ಜಾಗದಲ್ಲೆಲ್ಲ ನೀರಿನ ಬಾಟಲಿಗಳನ್ನು ತುಂಬಿಸಿಡಬೇಕು. ಇಪ್ಪತ್ತು ಲೀಟರ್ ನೀರಿದ್ದರೆ ಮೇ ತಿಂಗಳಲ್ಲಿ ನಾಲ್ಕು ತಾಸು ಕರೆಂಟ್ ಹೋದರೂ ಏರಿಕೆ ನಾಲ್ಕೈದು ಡಿಗ್ರಿಯೊಳಗೇ ನಿಲ್ಲುತ್ತದೆ. ಇಷ್ಟು ಮೇಲಿನ ಉಷ್ಣತೆಯಲ್ಲಿ ಕಂಪ್ರೆಸರ್ ಕಡಿಮೆ ಓಡುವುದರಿಂದ ಒಳಗೆ ತೇವ ಕೂಡುತ್ತದೆ, ಒಂದು ಬಟ್ಟಲಲ್ಲಿ ಸಿಲಿಕಾ ಜೆಲ್ ಇಟ್ಟು ತಿಂಗಳಿಗೊಮ್ಮೆ ಗೋಡೆ ಒರೆಸಬೇಕು. ಇಷ್ಟೆಲ್ಲ ಆಗದು ಎನ್ನುವವರು ಮನೆಯ ಮಾಮೂಲಿ ಫ್ರಿಜ್ಜಿನಲ್ಲೇ ಇಡಲಿ. ನಾಲ್ಕು ಡಿಗ್ರಿಯಲ್ಲಿ ಬಿಯರ್ ಬಹಳ ನಿಧಾನವಾಗಿ ಮಾಗುತ್ತದೆ, ಸ್ವಲ್ಪ ಮಬ್ಬೂ ಕಟ್ಟೀತು, ಆದರೆ ಕೆಡುವುದಿಲ್ಲ. ನನ್ನ ಮಟ್ಟಿಗೆ ಹಗೇವಿಗಿಂತ ಅದು ನೂರು ಪಾಲು ಮೇಲು.

ಎಲ್ಲಿಟ್ಟರೂ ಬಾಟಲಿ ನಿಂತೇ ಇರಲಿ. ವೈನಿನ ಹಾಗೆ ಮಲಗಿಸಿದರೆ ಯೀಸ್ಟು ಪಕ್ಕೆಗೆ ಅಂಟಿ ಬಗ್ಗಿಸುವಾಗ ಕದಡುತ್ತದೆ. ಓರ್ವಾಲಿನವರು ತಾವೇ ಹೇಳುವುದೂ ಇದನ್ನೇ: ನಿಲ್ಲಿಸಿ, 10ರಿಂದ 15 ಡಿಗ್ರಿಯೊಳಗೆ.

ಆರರ ಹಂಚಿಕೆ

ಆರೂ ಒಂದೇ ಬಿಯರಿನವು ಎಂದಿಟ್ಟುಕೊಳ್ಳೋಣ. ದಾರಿಯಲ್ಲಿ ಕುಲುಕಿ ಬಂದ ಬಾಟಲಿಗಳಿಗೆ ಎರಡು ವಾರ ವಿಶ್ರಾಂತಿ ಕೊಟ್ಟು ಮೊದಲನೆಯದನ್ನು ತೆಗೆಯಬೇಕು. ಇದಕ್ಕೆ ಮನಸ್ಸು ಬರುವುದಿಲ್ಲ, ಎಲ್ಲವನ್ನೂ ಇಡಬೇಕೆನಿಸುತ್ತದೆ. ಆದರೆ ಹೊಸ ರುಚಿ ಬರೆದಿಡದೆ ಹಳೆಯ ರುಚಿಯ ಬಗ್ಗೆ ಏನು ಹೇಳಿದರೂ ಅದು ಊಹೆ. ಉಳಿದ ಐದರ ಕೊರಳಿಗೆ ಮಾಸ್ಕಿಂಗ್ ಟೇಪ್ ಸುತ್ತಿ ಅಂಕಿ, ಬಂದ ದಿನಾಂಕ, ಇಟ್ಟ ಜಾಗ ಬರೆಯಬೇಕು. ಮುಚ್ಚಳದ ಮೇಲೆ ಬರೆದದ್ದು ತೇವಕ್ಕೆ ಅಳಿಸುತ್ತದೆ. ಒಳಗಿನ ಮಟ್ಟಕ್ಕೂ ಒಂದು ಗೆರೆ ಎಳೆದರೆ ಮುಚ್ಚಳ ಸೋರುತ್ತಿದೆಯೇ ಎಂಬುದು ಮುಂದೆ ಗೊತ್ತಾಗುತ್ತದೆ.

ಎರಡನೆಯದನ್ನು ಬೇಕೆಂದೇ ಅಡಿಗೆಮನೆಯ ಕಪಾಟಿನಲ್ಲಿ ಒಂದು ಬೇಸಿಗೆ ಕಳೆಯಲು ಬಿಡಬೇಕು. ತಂದದ್ದು ಓರ್ವಾಲ್ ಆಗಿದ್ದರೆ ಇದು ಬೇಡ, ಬೇರೆಯದಾದರೂ ರಟ್ಟಿನ ಡಬ್ಬಿಯೊಳಗೇ ಇಡಬೇಕು. ಒಂದು ಬಾಟಲಿ ಬಲಿಕೊಟ್ಟಂತೆ ಎನಿಸಬಹುದು, ಆದರೆ ಬಿಸಿಯ ಬಗ್ಗೆ ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠವಿಲ್ಲ. ಮಳೆ ಹಿಡಿದ ಮೇಲೆ ಅದನ್ನೂ ಫ್ರಿಜ್ಜಿನ ಮೂರನೆಯದನ್ನೂ ಒಂದೇ ದಿನ ತೆಗೆಯುವುದು. ನಾಲ್ಕನೆಯದು ಎರಡನೇ ಬೇಸಿಗೆ ದಾಟಿದ ಮೇಲೆ, ಐದನೆಯದು ಮೂರನೇ ಬೇಸಿಗೆಯ ಮೇಲೆ. ಆರನೆಯದಕ್ಕೆ ಮುಂಚೆಯೇ ತಾರೀಖು ಇಡಬಾರದು. ಐದನೆಯದರ ರುಚಿ ಇನ್ನೂ ಏರುತ್ತಿದ್ದರೆ ಆರನೆಯದು ಕಾಯಲಿ. ನಾಲ್ಕನೆಯದೇ ಮೂರನೆಯದಕ್ಕಿಂತ ಸಪ್ಪೆಯಾಗಿದ್ದರೆ ಉಳಿದ ಎರಡನ್ನೂ ಆ ತಿಂಗಳೇ ಮುಗಿಸಬೇಕು. ಇಳಿಯತೊಡಗಿದ ಬಿಯರ್ ಮತ್ತೆ ಏರುವುದಿಲ್ಲ.

ಗ್ಲಾಸಿನಲ್ಲಿ

ಒಂದು ಬಾಟಲಿಗೆ ನಾಲ್ವರು ಸರಿ. ಶೇ. 11ರ 330 ಮಿ.ಲೀ. ಎಂದರೆ ಶೇ. 5ರ ಅಷ್ಟೇ ಅಳತೆಯ ಎರಡು ಬಾಟಲಿಗೂ ಮಿಕ್ಕಿದ ಆಲ್ಕೊಹಾಲು. ತಳದ 20 ಮಿ.ಲೀ. ಬಿಟ್ಟರೆ ತಲಾ 75 ಮಿ.ಲೀ. ಬರುತ್ತದೆ, ರುಚಿ ನೋಡಲು ಅಷ್ಟು ಸಾಕು. ಸ್ಟೀಲ್ ಲೋಟ ಬೇಡ. ಬಾಯಿ ಸ್ವಲ್ಪ ಒಳಕ್ಕೆ ಬಾಗಿದ ಗಾಜಿನ ಗ್ಲಾಸು, ಸೋಪಿನ ವಾಸನೆ ಹೋಗುವಷ್ಟು ಬರೀ ನೀರಿನಲ್ಲಿ ತೊಳೆದು ಬೋರಲು ಹಾಕಿ ಒಣಗಿಸಿದ್ದು. ಅಡಿಗೆಮನೆಯ ಬಟ್ಟೆಯಿಂದ ಒರೆಸಿದರೆ ಒಗ್ಗರಣೆಯ ವಾಸನೆ ಅಂಟುತ್ತದೆ. ಬಿಯರ್ 12–14 ಡಿಗ್ರಿಯಲ್ಲಿರಬೇಕು. ನಾಲ್ಕು ಡಿಗ್ರಿಯ ಫ್ರಿಜ್ಜಿನಿಂದ ತೆಗೆದದ್ದಾದರೆ ಅರ್ಧ ತಾಸು ಹೊರಗಿಟ್ಟರೆ ಆ ಹದಕ್ಕೆ ಬರುತ್ತದೆ. ಬಾಟಲಿಯನ್ನು ಒಂದೇ ಬಾಗಿನಲ್ಲಿ, ನಡುವೆ ನೆಟ್ಟಗೆ ಮಾಡದೆ, ನಾಲ್ಕೂ ಗ್ಲಾಸಿಗೆ ಸುರಿಯಬೇಕು. ಪ್ರತಿಸಲ ಎತ್ತಿ ಇಳಿಸಿದರೆ ತಳದ ಯೀಸ್ಟು ಎದ್ದು ಕೊನೆಯವನ ಗ್ಲಾಸು ಕದಡುತ್ತದೆ.

ಕಪಾಟಿನದನ್ನೂ ಫ್ರಿಜ್ಜಿನದನ್ನೂ ಹೋಲಿಸುವಾಗ ಯಾವುದು ಯಾವುದೆಂದು ಗೊತ್ತಿದ್ದರೆ ನಾಲಿಗೆ ಸುಳ್ಳು ಹೇಳುತ್ತದೆ. ಒಬ್ಬರು ಒಳಗೆ ಹೋಗಿ ಮೂರು ಗ್ಲಾಸು ತುಂಬಿಸಿ ತರಬೇಕು, ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಇನ್ನೊಂದು. ಬೇರೆಯದನ್ನು ಗುರುತಿಸಲಾಗದಿದ್ದರೆ ಯಾವುದು ಚೆನ್ನ ಎಂಬ ಚರ್ಚೆಗೆ ಅರ್ಥವಿಲ್ಲ.

ರೋಶ್‌ಫೋರ್ 10ರಂಥ ಬಿಯರಿನಲ್ಲಿ ಒಂದು ಬೇಸಿಗೆಯ ವ್ಯತ್ಯಾಸ ಹೇಗಿರುತ್ತದೆ ಎಂಬುದು ನೋಡುವಂಥದ್ದು. ಬೆಳಗಾವಿಯ ಜುಲೈ ಸಂಜೆ, ಹೊರಗೆ ಬಿಡದ ಮಳೆ, ಮೇಜಿನ ಮೇಲೆ ಮೂರು ಗ್ಲಾಸು. ಮೊದಲ ಮೂಸುವಿಕೆಗೆ ಗೆಲ್ಲುವುದು ಕಪಾಟಿನ ಬಾಟಲಿಯೇ! ಬೆಲ್ಲದ ಪಾಕ, ಜೇನು, ಒಣದ್ರಾಕ್ಷಿ ಎಲ್ಲ ಒಮ್ಮೆಗೇ ಎದುರು ಬರುತ್ತವೆ. "ಇದ ಹಳೇದು, ಇದ ಚಲೋದು" ಎಂದು ಕೈ ಅದರ ಮೇಲೇ ಹೋಗುತ್ತದೆ. ಫ್ರಿಜ್ಜಿನದ್ದು ಮೊದಲಿಗೆ ಮೌನವಾಗಿರುತ್ತದೆ. ಎರಡನೇ ಗುಟುಕಿಗೆ ಕಪಾಟಿನದರ ನಡು ಖಾಲಿ ಎಂದು ತಿಳಿಯುತ್ತದೆ. ಸಿಹಿಯ ಹಿಂದೆಯೇ ಒದ್ದೆ ರಟ್ಟು, ಕೊನೆಗೆ ಉಪ್ಪುಪ್ಪಾದ ಸೋಯಾ, ನೊರೆ ಅಂಚಿಗೆ ಸರಿದು ಮಾಯ. ಗ್ಲಾಸು ಬೆಚ್ಚಗಾದಂತೆ ಅದು ಬೇಸರ ತರಿಸುತ್ತದೆ. ಫ್ರಿಜ್ಜಿನದ್ದು ಬೆಚ್ಚಗಾದಂತೆ ತೆರೆದುಕೊಳ್ಳುತ್ತದೆ. ಉತ್ತತ್ತಿ, ಅಂಜೂರ, ಆಮೇಲೆ ತುಸು ಕರಿಮೆಣಸು, ನುಂಗಿದ ಮೇಲೂ ಉಳಿಯುವ ಸಣ್ಣ ಕಹಿ. ಅದಕ್ಕೇ ಟಿಪ್ಪಣಿಯನ್ನು ಎರಡು ಸಲ ಬರೆಯಬೇಕು, ಸುರಿದ ಕೂಡಲೇ ಒಮ್ಮೆ, ಇಪ್ಪತ್ತು ನಿಮಿಷದ ಮೇಲೆ ಇನ್ನೊಮ್ಮೆ. ಎರಡನೇ ಟಿಪ್ಪಣಿಯೇ ನಂಬಿಕೆಗೆ ತಕ್ಕದ್ದು.

ನಡುನಡುವೆ ಬಾಯಿ ಶುದ್ಧ ಮಾಡಲು ನೀರು ಮತ್ತು ಕಡಕ್ ಜೋಳದ ರೊಟ್ಟಿ. ಉಪ್ಪಿಲ್ಲದ, ಎಣ್ಣೆಯಿಲ್ಲದ ಆ ಒಣ ತುಂಡಿನಷ್ಟು ನಾಲಿಗೆಯನ್ನು ಚೊಕ್ಕ ಮಾಡುವುದು ಬೇರೆ ಯಾವುದೂ ಇಲ್ಲ, ಅಂಗಡಿಯ ಬಿಸ್ಕತ್ತಿಗಿಂತ ಎಷ್ಟೋ ಮೇಲು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಿರ್ಚಿ ಭಜಿ ಎಲ್ಲ ಟಿಪ್ಪಣಿ ಮುಗಿದ ಮೇಲೆಯೇ. ಖಾರ ಬಿದ್ದ ಬಾಯಿಗೆ ಆಲ್ಕೊಹಾಲು ಇನ್ನಷ್ಟು ಸುಡುತ್ತದೆ, ಬೆಳ್ಳುಳ್ಳಿ ಬಿದ್ದ ಮೂಗಿಗೆ ಬೇರೇನೂ ಸಿಗುವುದಿಲ್ಲ.

ತಿನಿಸಿನ ಜೋಡಿಯಲ್ಲಿ ನನಗೆ ಮೆಚ್ಚುಗೆಯಾದದ್ದು ಬೆಳಗಾವಿ ಕುಂದಾ ಮತ್ತು ಎರಡು ಮೂರು ಬೇಸಿಗೆ ಕಂಡ ಬಾರ್ಲಿವೈನ್. ಹಾಲು ಕಾಸಿ ಕೆಂಪಗೆ ಮಾಡಿದ ರುಚಿಯೂ ಮಾಲ್ಟನ್ನು ಹುರಿದ ರುಚಿಯೂ ಒಂದೇ ಬಗೆಯ ಕ್ರಿಯೆಯಿಂದ ಬಂದವು, ಉಳಿದ ಸಣ್ಣ ಕಹಿ ಕುಂದಾದ ಜಿಡ್ಡನ್ನು ಕತ್ತರಿಸುತ್ತದೆ. ಗೋಕಾಕದ, ಅಮೀನಗಡದ ಕರದಂಟು ಕ್ವಾಡ್ರುಪೆಲ್ಲಿಗೆ ಒಪ್ಪುತ್ತದೆ, ಎರಡರಲ್ಲೂ ಬೆಲ್ಲ, ಉತ್ತತ್ತಿಯ ರುಚಿ ಇರುವುದರಿಂದ. ಇಂಪೀರಿಯಲ್ ಸ್ಟೌಟಿನ ಜೊತೆ ಕರದಂಟು ಬೇಡ. ಅಷ್ಟು ಸಿಹಿಯ ಮುಂದೆ ಸ್ಟೌಟಿನ ಹುರಿದ ರುಚಿ ಬರೀ ಸುಟ್ಟ ಕಹಿಯಾಗಿ ಉಳಿಯುತ್ತದೆ. ಅದಕ್ಕೆ ಹುರಿದ, ಉಪ್ಪು ಹಚ್ಚದ ಶೇಂಗಾ ಸಾಕು. ಕುಂದಾ ಮಾತ್ರ ಫ್ರಿಜ್ಜಿನಿಂದ ತೆಗೆದ ಕೂಡಲೇ ಕೊಡಬಾರದು. ಬಿಯರನ್ನು ಹೊರಗಿಡುವಾಗಲೇ ಅದನ್ನೂ ಹೊರಗಿಟ್ಟರೆ ತುಪ್ಪ ಸಡಿಲಾಗಿ ಎರಡೂ ಒಟ್ಟಿಗೇ ಹದಕ್ಕೆ ಬರುತ್ತವೆ.